ಹತ್ತಿದ ಗೇರು

ಅವನ ಮೀನಖಂಡ ಅದುರುತ್ತಿದೆ, ನೊಣ ಕೂತಾಗ ಎತ್ತಿನ ಚರ್ಮ ಅದುರುವ ಹಾಗೆ, ಪ್ಯಾಂಟನ್ನು ಮಂಡಿಯವರೆಗೆ ಮಡಿಸಿದ್ದಾನೆ, ಬೆಳಿಗ್ಗೆಯ ಹೊಲದ ಕೆಮ್ಮಣ್ಣು ಇನ್ನೂ ಕಣಕಾಲಿನಲ್ಲಿದೆ, ಬಲಗಾಲನ್ನು ಅಡ್ಡ ಮಾಡಿ ಎರಡೂ ಬ್ರೇಕಿನ ಪೆಡಲ್ ಮೇಲೆ ಇಟ್ಟಿದ್ದಾನೆ, ಹಿಮ್ಮಡಿ ಒಂದರ ಮೇಲೆ, ಹೆಬ್ಬೆರಳು ಇನ್ನೊಂದರ ಮೇಲೆ, ನನ್ನ ತಂಗಿಯ ಮಗ ಉಗ್ರಪ್ಪನ ಆ ಒಂದು ಪಾದದ ಮೇಲೆ ಈಗ ಟ್ರ್ಯಾಕ್ಟರು, ಹಿಂದಿನ ಟ್ರೇಲರು, ಟ್ರೇಲರಿನೊಳಗಿನ ಇಷ್ಟು ಹೆಂಗಸರು, ಹಂಡೆ ಕೊಳಗ ಎಲ್ಲ ನಿಂತಿದೆ, ಗುಡ್ಡದ ಇಳಿಜಾರಿನ ನಟ್ಟನಡುವೆ, ಎಡಕ್ಕೆ ಮಣ್ಣಿನ ದಿಬ್ಬ, ಬಲಕ್ಕೆ ಏನೂ ಇಲ್ಲ, ಲಂಟಾನದ ತುದಿಗಳು, ಆಮೇಲೆ ಆಕಾಶ, ಅದರ ಕೆಳಗೆಲ್ಲೋ ಹಾರನಹಳ್ಳಿ ಕಡೆಯ ತೆಂಗಿನ ತೋಟ ಸೊಪ್ಪಿನ ಮಡಿಯ ಹಾಗೆ ಚಿಕ್ಕದಾಗಿ — ಯಾರೂ ಕೂಗ್ಬೇಡ್ರವ್ವ, ಎಲ್ರೂ ಒಟ್ಗೆ ನೆಗೀಬೇಡಿ, ಒಬ್ಬೊಬ್ರೇ ಹಿಂದ್ಗಡೆಯಿಂದ ಇಳೀರಿ, ಎಂದ, ಎಷ್ಟು ಮೆಲ್ಲಗೆ ಎಂದ, ಊಟಕ್ಕೆ ಕರೆಯುವವನ ಹಾಗೆ. ಅವರೆಲ್ಲ ನನ್ನ ಬೆನ್ನ ಹಿಂದೆ ಇಳಿಯುತ್ತಿದ್ದಾರೆ, ಒಬ್ಬೊಬ್ಬರು ಇಳಿದಾಗಲೂ ಹಲಗೆ ಒಂದಿಷ್ಟು ಏಳುತ್ತದೆ, ಅವನ ಕಾಲು ಒಂದಿಷ್ಟು ಅದುರುತ್ತದೆ, ನಾನು ಎಲ್ಲರಿಗಿಂತ ಮುಂದೆ, ಅಕ್ಕಿ ಮೂಟೆಯ ಖಾಲಿ ಚೀಲವನ್ನು ನಾಲ್ಕು ಮಡಿಕೆ ಮಾಡಿ ಹಾಕಿಕೊಟ್ಟ ಜಾಗದಲ್ಲಿ ಕೂತಿದ್ದೇನೆ, ಚೀಲ ಹಾಕಿಕೊಟ್ಟವಳು ಲಲಿತಮ್ಮ, ಟೀಚರಮ್ಮನ ಮೂಳೆಗೆ ಹಲಗೆ ಒತ್ತುತ್ತೆ ಕಣ್ರೇ ಎಂದು, ನಾನು ಟೀಚರಲ್ಲ, ಅರಸೀಕೆರೆಯ ಕಾಲೇಜಿನ ಲೈಬ್ರರಿಯಲ್ಲಿದ್ದವಳು ಎಂದು ಎಷ್ಟು ಸಲ ಹೇಳಿದರೂ ಅವಳಿಗೆ ನಾನು ಟೀಚರೇ, ಆ ಒಳ್ಳೆಯ ಜಾಗದಲ್ಲಿ ಕೂತದ್ದಕ್ಕೇ ಈಗ ಕಡೆಗೆ ಇಳಿಯಬೇಕಾದವಳು ನಾನು, ನನ್ನ ಮಂಡಿ ಬಗ್ಗುವುದಿಲ್ಲ, ಒತ್ತು ಉಗ್ರಪ್ಪ, ಒತ್ತಿ ಹಿಡಿ, ಹಿಮ್ಮಡಿ ಒಂದರ ಮೇಲೆ, ಹೆಬ್ಬೆರಳು ಇನ್ನೊಂದರ ಮೇಲೆ.

ಆ ಎರಡು ಪೆಡಲ್‌ಗಳ ನಡುವೆ ಒಂದು ಕೊಂಡಿ ಇದೆ, ಮಡಚಿ ಬಿದ್ದಿದೆ, ನನಗೆ ಇಲ್ಲಿಂದ ಕಾಣುತ್ತದೆ, ಹೊಲದಲ್ಲಿ ಅದನ್ನು ಬಿಚ್ಚಿರಬೇಕು, ಸಾಲಿನ ಕೊನೆಯಲ್ಲಿ ಒಂದೇ ಚಕ್ರ ಹಿಡಿದು ತಿರುಗಿಸುವುದಕ್ಕೆ, ರೋಡಿಗೆ ಬಂದರೆ ಹಾಕಬೇಕು, ಎರಡೂ ಚಕ್ರ ಒಟ್ಟಿಗೆ ಹಿಡಿಯುವುದಕ್ಕೆ, ಇಲ್ಲದಿದ್ದರೆ ಯಾವ ಪೆಡಲ್ ಒತ್ತಿದರೆ ಆ ಕಡೆಗೇ ಎಳೆದುಕೊಂಡು ಹೋಗುತ್ತದೆ, ಇವರು ಹೇಳುತ್ತಿದ್ದರು, ನಮ್ಮ ಮನೆಯವರು, ಉಗ್ರಪ್ಪನಿಗೆ ಟ್ರ್ಯಾಕ್ಟರು ಕಲಿಸಿದ್ದೇ ಇವರು — ಟ್ರೇಲರಿಗೆ ಬ್ರೇಕಿಲ್ಲ ಕಣೋ, ಅದು ಹಿಂದಿನಿಂದ ತಳ್ಳೋ ದನ, ಇಳಿಜಾರಲ್ಲಿ ಎಂಜಿನ್ನೇ ನಿನ್ನ ಬ್ರೇಕು, ಕಾಲಲ್ಲ, ಹತ್ತಿದ ಗೇರಲ್ಲೇ ಇಳೀಬೇಕು, ಅರ್ಧದಲ್ಲಿ ಕ್ಲಚ್ ಒತ್ತಿದ್ಯೋ ಕೆಟ್ಟೆ. ಇವತ್ತು ಮುಂಜಾನೆ ಹನುಮಮ್ಮನ ಹೊಲ ಉತ್ತು ನೇರ ಬಂದ, ಗಂಡ ಹೋದ ಮೇಲೆ ಅವಳ ಹೊಲವನ್ನು ಇವನೇ ಮೊದಲು ಉಳುವುದು, ಒಂದು ಲೋಟ ಮಜ್ಜಿಗೆ ಕುಡಿದು ಬರುತ್ತಾನೆ ಅಷ್ಟೆ, ಇವತ್ತು ಮಜ್ಜಿಗೆಯನ್ನೂ ಕುಡಿಯದೆ ಓಡಿಬಂದನಂತೆ, ಪರಕ್ಕೆ ಹೊತ್ತಾಯ್ತು, ಹೆಂಗಸ್ರು ಕಾಯ್ತಾರೆ ಎಂದು, ಆ ಅವಸರದಲ್ಲಿ ಕೊಂಡಿ. ಮಳೆಗೆ ಮುಂಚೆ ಗುಡ್ಡದ ಮಲ್ಲಪ್ಪನಿಗೆ ಪರ, ಹರಕೆಯ ಊಟ, ಊರವರೆಲ್ಲ ಮೇಲೆಯೇ ಬೇಯಿಸಿ ಮೇಲೆಯೇ ಉಣ್ಣುವುದು, ಹತ್ತುವಾಗ ಮಾತ್ರ ನಡೆದೇ ಹತ್ತಬೇಕು, ಗಾಡಿಯಲ್ಲಿ ಹತ್ತಿದರೆ ಮಲ್ಲಪ್ಪ ಒಪ್ಪುವುದಿಲ್ಲ, ಇಳಿಯುವುದಕ್ಕೆ ಅವನ ಅಡ್ಡಿಯಿಲ್ಲ, ಹೀಗೆಂದು ಯಾರು ಗೊತ್ತು ಮಾಡಿದರೋ, ನನ್ನತ್ತೆಯ ಕಾಲದಲ್ಲೂ ಹೀಗೇ, ಎತ್ತಿನಗಾಡಿಯ ಹಿಂದೆ ಮರದ ದಿಮ್ಮಿ ಕಟ್ಟಿ ಎಳೆಸಿಕೊಂಡು ಇಳಿಯುತ್ತಿದ್ದರು, ಗಾಡಿ ಓಡದಿರಲಿ ಎಂದು. ಹಾಗಾಗಿ ಬೆಳಿಗ್ಗೆ ಟ್ರೇಲರಿನಲ್ಲಿದ್ದದ್ದು ಪಾತ್ರೆ, ಸೌದೆ, ನಡೆಯಲಾರದ ಮುದುಕಿಯೆಂದು ಮಲ್ಲಪ್ಪ ಮನ್ನಿಸಿದ ನಾನು, ಅಷ್ಟೇ, ಹಗುರ, ಮೂರನೇ ಗೇರಿನಲ್ಲಿ ಸರಾಗ ಹತ್ತಿತು, ಹತ್ತಿದ ಗೇರಲ್ಲೇ ಇಳಿದ, ದೊಡ್ಡಪ್ಪನ ಮಾತನ್ನು ಅಕ್ಷರಕ್ಕೆ ಅಕ್ಷರ ನಡೆಸಿದ, ಆದರೆ ಇಳಿಯುವಾಗ ಊರೇ ಹತ್ತಿತ್ತು. ಅವನು ಯಾರಿಗೆ ಇಲ್ಲ ಎಂದಾನು, ಹತ್ತಿ ಅಕ್ಕ, ನೀನೂ ಹತ್ತಮ್ಮ, ಕೂಸಿನವಳಿಗೆ ಜಾಗ ಬಿಡ್ರೇ, ಲಲಿತಮ್ಮ ಹಿಂದೆ ಸರಿದಳು, ನಾನು ಕೂತ್ರೆ ನಿನ್ ಟೈರು ಒಡೆದೋಗ್ತವೆ ಕಣೋ ಉಗ್ರಪ್ಪ, ನಾನು ನಡ್ಕೊಂಡೇ ಬತ್ತೀನಿ, ಅದಕ್ಕೆ ಇವನು, ಒಡೆದ್ರೆ ನಿನ್ನನ್ನೇ ಸ್ಟೆಪ್ನಿ ಮಾಡ್ತೀನಿ ಹತ್ತು, ಎಲ್ಲರೂ ನಕ್ಕರು, ನಾನೂ ನಕ್ಕೆ, ಯಾರ ಮನಸ್ಸಿನಲ್ಲೂ ಒಂದು ಕೆಟ್ಟದ್ದಿರಲಿಲ್ಲ, ಒಬ್ಬರನ್ನೊಬ್ಬರು ಒತ್ತಿ ಜಾಗ ಮಾಡಿಕೊಟ್ಟರು, ಒಬ್ಬರ ಮಗುವನ್ನು ಇನ್ನೊಬ್ಬರು ತೊಡೆಯ ಮೇಲೆ ಹಾಕಿಕೊಂಡರು, ಅಷ್ಟೂ ಒಳ್ಳೆಯತನ ತೂಕವಾಗಿ ಹಿಂದಿನಿಂದ ತಳ್ಳಿತು, ಮೊದಲು ಟ್ರೇಲರಿನ ಮೂಗು ಟಕ್ ಟಕ್ ಎಂದು ಟ್ರ್ಯಾಕ್ಟರಿಗೆ ಬಡಿಯಿತು, ಆಮೇಲೆ ಬಡಿಯುವುದು ನಿಂತು ಬರೀ ನೂಕು, ಎಂಜಿನ್ ಕೀರಲಾಗಿ ಕೂಗಿತು, ಗೇರು ಇಳಿಸೋಣವೆಂದು ಕ್ಲಚ್ ಒತ್ತಿದ, ಒತ್ತಬೇಡ ಎಂದು ನಾನು ಕೂಗಿದೆ, ಹಿಂದೆ ಸೋಬಾನೆ ಹಾಡುತ್ತಿದ್ದರು, ನನ್ನ ಕೂಗು ಯಾರಿಗೆ ಕೇಳಬೇಕು, ಎಂಜಿನ್ನಿನ ಕೂಗು ಸತ್ತು ಗಾಡಿ ಹಗುರವಾಗಿ ತೇಲಿದ ಹಾಗಾಯಿತು, ಬ್ರೇಕ್ ಒತ್ತಿದ, ಮೂತಿ ಬಲಕ್ಕೆ ಸೆಳೆಯಿತು, ಲಂಟಾನ, ಆಕಾಶ, ಅವನ ಕಾಲು ಇನ್ನೊಂದು ಪೆಡಲ್ ಹುಡುಕಿತು, ಚಪ್ಪಲಿ ಉದುರಿತು, ಪಾದ ಅಡ್ಡವಾಯಿತು, ಹಿಮ್ಮಡಿ ಒಂದರ ಮೇಲೆ, ಹೆಬ್ಬೆರಳು ಇನ್ನೊಂದರ ಮೇಲೆ, ನಿಂತಿತು.

ಗೇರು ಕೂರುತ್ತಿಲ್ಲ, ತಳ್ಳಿದರೆ ಕಿರ್ ಎನ್ನುತ್ತದೆ, ಹಳೆಯ ಕ್ಲಚ್ಚು, ಹ್ಯಾಂಡ್ ಬ್ರೇಕು ಎಂದೋ ಮುರಿದದ್ದು, ಪುಷ್ಪಲತಾ, ಅವನ ಹೆಂಡತಿ, ದಿಬ್ಬದಿಂದ ಕಲ್ಲು ಕೀಳುತ್ತಿದ್ದಾಳೆ, ಉಗುರಿನಲ್ಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಳುತ್ತಿಲ್ಲ, ಚಕ್ರದ ಮುಂದಕ್ಕೆ ಕೊಡ್ರೇ ಹಿಂದಕ್ಕಲ್ಲ ಎನ್ನುತ್ತಿದ್ದಾಳೆ, ಕಲ್ಲು ಚಿಕ್ಕವು, ಒಂದು ಆಗಲೇ ಸಿಡಿದು ಇಳಿಜಾರಿನಲ್ಲಿ ಉರುಳಿ ಹೋಯಿತು, ಅದರ ಸದ್ದು ಬಹಳ ಹೊತ್ತಿನ ಮೇಲೆ ನಿಂತಿತು. ಟೀಚರಮ್ಮ ಬನ್ನಿ, ಲಲಿತಮ್ಮ ಹಿಂದಿನ ಹಲಗೆಗೆ ತನ್ನ ಭುಜವನ್ನೇ ಒಡ್ಡಿದ್ದಾಳೆ, ನನ್ ಹೆಗಲ ಮೇಲೆ ಕಾಲಿಡಿ, ಅಯ್ಯೋ ಪಾಪ ಪುಣ್ಯ ಆಮೇಲೆ ನೋಡ್ಕೊಳ್ಳಾಣ, ಇಡಿ, ನಾನು ತೆವಳುತ್ತೇನೆ, ಹಂಡೆ ದಾಟುತ್ತೇನೆ, ಅನ್ನದ ಅಗುಳು ಅಂಗೈಗೆ ಅಂಟುತ್ತದೆ, ಎಷ್ಟು ನಿಧಾನ ನಾನು, ದೇವರೇ, ನನ್ನ ಒಂದೊಂದು ಮಂಡಿಯೂ ಅವನ ಕಾಲಿನಿಂದ ತೆಗೆದ ಸಾಲ, ಹೆಗಲು ಮೆತ್ತಗಿದೆ, ಬೆವರಿದೆ, ಯಾರೋ ಸೊಂಟ ಹಿಡಿದರು, ಯಾರೋ ಸೀರೆಯ ನೆರಿಗೆ ಸರಿಮಾಡಿದರು, ಇಂಥ ಹೊತ್ತಿನಲ್ಲಿ, ನೆಲ ಸಿಕ್ಕಿತು. ಎಲ್ರೂ ಇಳಿದ್ರಾ, ಅವನು ತಿರುಗಿ ನೋಡುವುದಿಲ್ಲ, ಇಳಿದ್ವಿ ಕಣಪ್ಪ, ಈಗ ಟ್ರೇಲರಿನಲ್ಲಿ ಹಂಡೆ ಮಾತ್ರ, ಟ್ರ್ಯಾಕ್ಟರಿನ ಮೇಲೆ ಅವನು ಮಾತ್ರ, ರೀ ನೀವೂ ನೆಗೀರಿ, ಎಂದಳು ಪುಷ್ಪಲತಾ, ಗಾಡಿ ಹೋದ್ರೆ ಹೋಗ್ಲಿ, ಅವನು ತಲೆಯಾಡಿಸಿದ, ಕಾಲು ಜೋಮು ಹಿಡಿದೈತೆ ಕಣೇ, ಎತ್ತಿದ್ರೆ ನೆಲಕ್ಕೆ ಊರ್ತದೋ ಇಲ್ವೋ, ಎಂಜಿನ್ ಗುಡುಗುಡು ಎನ್ನುತ್ತಿದೆ, ನಾನು ದಿಬ್ಬ ಹಿಡಿದು ಅವನ ಪಕ್ಕಕ್ಕೆ ಬಂದಿದ್ದೇನೆ, ಇಷ್ಟು ಹತ್ತಿರದಲ್ಲಿ ಅವನ ಕಿವಿಯ ಬಿಳಿಕೂದಲು ಕಾಣುತ್ತದೆ, ಕಲ್ಲು ಕೊಟ್ಟಾಯ್ತು ಎಂದು ಯಾರೋ ಹೇಳಿದರು, ನಿಲ್ತವಾ ಎಂದು ಇನ್ಯಾರೋ ಕೇಳಿದರು, ಆಗ ಅವನು ನನ್ನ ಕಡೆ ನೋಡಿದ, ಇವರು ಇದ್ದಿದ್ದರೆ ಇವರ ಕಡೆ ನೋಡುತ್ತಿದ್ದ — ದೊಡ್ಡಮ್ಮ, ಕಾಲು ತೆಗೀಲಾ? ತೆಗಿ ಎಂದರೆ, ಬೇಡ ಎಂದರೆ, ಎಷ್ಟು ಪುಸ್ತಕ ಜೋಡಿಸಿಟ್ಟೆ, ಯಾವುದರಲ್ಲೂ ಕಲ್ಲಿನ ಬಲ ಬರೆದಿರಲಿಲ್ಲ, ಬೇಡವೆಂದರೆ ಆ ಕಾಲು ಇನ್ನೆಷ್ಟು ಹೊತ್ತು, ತೆಗಿ ಎಂದರೆ ಆ ಕಲ್ಲು, ದೊಡ್ಡಮ್ಮ, ತೆಗೀಲಾ, ಅವನ ದನಿ ಇನ್ನೂ ಮೆಲ್ಲಗೇ ಇದೆ, ನಾನು ಮುಖ ನೋಡಲಾರೆ, ಪಾದ ನೋಡುತ್ತೇನೆ, ಹಿಮ್ಮಡಿ ಒಂದರ ಮೇಲೆ, ಹೆಬ್ಬೆರಳು ಇನ್ನೊಂದರ ಮೇಲೆ, ಹೆಬ್ಬೆರಳು ಬಿಳಿಚಿದೆ, ಹಿಮ್ಮಡಿ ಒಂದರ ಮೇಲೆ, ಹೆಬ್ಬೆರಳು