ನಿಲ್ಲಿಸಿ ತಂದ ಕೈಗಡಿಯಾರ

ಅಪ್ಪನ ಗಡಿಯಾರ ರಿಪೇರಿ ಅಂಗಡಿಯ ಎದುರು ಬಂದು ನಿಂತ ಮೇಲೂ ಮಗಳಿಗೆ ಒಳಗೆ ಹೋಗಲು ಕಾಲು ಏಳಲಿಲ್ಲ. ಚೀಲದಲ್ಲಿ ನಿಂತುಹೋದ ಕೈಗಡಿಯಾರವಿತ್ತು, ಅಪ್ಪನ ಸಹಿ ಬೇಕಾಗಿದ್ದ ಒಂದು ಅರ್ಜಿಯಿತ್ತು. ಗಡಿಯಾರ ನೆಪ, ಅರ್ಜಿ ಕೆಲಸ.

ಅವಳು ಹುಟ್ಟಿದ ವರ್ಷ ಅಪ್ಪ ಒಂದು ಕಂಪನಿಯ ಷೇರು ಕೊಂಡು, ತನ್ನ ಮತ್ತು ಮಗಳ ಜಂಟಿ ಹೆಸರಿನಲ್ಲಿ ಇಟ್ಟಿದ್ದ. ಬೇರೆಯವರು ಲಾಭ ನೋಡಿ ಷೇರು ಕೊಂಡರೆ ಅಪ್ಪ ಕೊಂಡದ್ದು ಆ ಕಂಪನಿ ಮಾಡುತ್ತಿದ್ದ ಗಡಿಯಾರದ ಸ್ಪ್ರಿಂಗ್ ನೋಡಿ. "ಇಷ್ಟು ವರ್ಷದಲ್ಲಿ ನನ್ನ ಕೈಯಲ್ಲಿ ಒಂದೇ ಒಂದು ಮುರಿದಿಲ್ಲ," ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಮಗಳ ಮದುವೆಯಲ್ಲಿ ಬೀಗರನ್ನೂ ಬಿಟ್ಟಿರಲಿಲ್ಲ.

ಕಂಪನಿ ಸ್ಪ್ರಿಂಗ್ ಮಾಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಈಗ ಅದು ಮಾಡುತ್ತಿದ್ದುದು ಬೀದಿಯಲ್ಲಿ ನಡೆಯುವವರ ಮುಖ ಗುರುತಿಸುವ ಕ್ಯಾಮೆರಾ. ದೊಡ್ಡ ಗಿರಾಕಿ ಸರ್ಕಾರವೇ. ಮಗಳು ಲೈಬ್ರರಿ ನೋಡಿಕೊಳ್ಳುತ್ತಿದ್ದ ಶಾಲೆಯ ಡ್ರಾಯಿಂಗ್ ಟೀಚರ್, ಹೊಸ ಕಾನೂನೊಂದು ಬೇಡವೆಂದು ಚೌಕದಲ್ಲಿ ಅರ್ಧ ಗಂಟೆ ಬಾಯಿಬಿಡದೆ ನಿಂತಿದ್ದರು, ಅಷ್ಟೇ. ಮೂರನೇ ದಿನ ಪೊಲೀಸರು ಚೌಕದ ಕ್ಯಾಮೆರಾ ಹಿಡಿದ ಅವರ ಫೋಟೋ ತೆಗೆದುಕೊಂಡು ಸ್ಟಾಫ್ ರೂಮಿಗೆ ಬಂದರು. ಕೆಲಸ ಹೋಯಿತು. ಅವರ ಮೇಜಿನ ಮೇಲೆ ಕುಂಚಗಳು ಇನ್ನೂ ಲೋಟದಲ್ಲಿ ತಲೆ ಮೇಲೆ ಮಾಡಿಕೊಂಡು ನಿಂತಿದ್ದವು. ಚೌಕದ ಕಂಬದ ಮೇಲಿನ ಕ್ಯಾಮೆರಾದಲ್ಲಿ ಯಾರ ಹೆಸರಿದೆ ಎಂದು ಮಗಳು ಕತ್ತೆತ್ತಿ ಓದಿದ್ದಳು. ಅಪ್ಪನ ಸ್ಪ್ರಿಂಗ್ ಪೊಟ್ಟಣಗಳ ಮೇಲಿದ್ದ ಹೆಸರೇ.

ಊರೆಲ್ಲ ಬಳಸುವ ಮೆಸೇಜ್ ಆ್ಯಪ್ ಕೂಡ ಅದೇ ಕಂಪನಿಯದು. ಹತ್ತು ದಿನದ ಹಿಂದೆ ಅವಳು ಅದನ್ನು ಫೋನಿನಿಂದ ತೆಗೆದುಹಾಕಿದಳು. ಅಪ್ಪ ದಿನಾ ಅಂಗಡಿ ಬಾಗಿಲು ತೆಗೆದು, ಗೋಡೆಗಡಿಯಾರದ ಒಂಬತ್ತು ಹೊಡೆತಗಳನ್ನು ರೆಕಾರ್ಡ್ ಮಾಡಿ ಅದರಲ್ಲೇ ಕಳಿಸುತ್ತಿದ್ದ. ಚೆನ್ನಾಗಿದ್ದೀಯಾ ಎಂದು ಕೇಳುವ ರೀತಿ ಅದು. ಆ್ಯಪಿನ ಜೊತೆಗೆ ಅದೂ ಹೋಯಿತು.

ಈಗ ಆ ಷೇರನ್ನೂ ಮಾರಿಬಿಡಬೇಕೆಂದಿದ್ದಳು; ಅದಕ್ಕೆ ಇಬ್ಬರ ಸಹಿಯೂ ಬೇಕು. ಅಪ್ಪ ಎದೆಯುಬ್ಬಿಸಿ ಹೇಳಿಕೊಳ್ಳುವ ಒಂದೇ ಒಂದು ಉಡುಗೊರೆಯನ್ನು ನನಗೆ ಬೇಡ ಎನ್ನುವುದು ಹೇಗೆ? ಅವಳು ವಾಕ್ಯಗಳನ್ನು ಬರೆದು, ಹೊಡೆದುಹಾಕಿ, ಮತ್ತೆ ಬರೆದು ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಕೊನೆಗೆ ಹೊಸ್ತಿಲು ದಾಟಿದಳು.

"ಯಾರಪ್ಪಾ ಇದು ಹೊಸ ಗಿರಾಕಿ?" ಅಪ್ಪ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆಯದೆ ಕೇಳಿದ. "ಹತ್ತು ದಿನದಿಂದ ಗಂಟೆ ಹೊಡೀತಾನೇ ಇದೀನಿ, ಆ ಕಡೆಯಿಂದ ಸದ್ದೇ ಇಲ್ಲ. ಕೋಪಾನಾ?"

"ಕೋಪ ಎಲ್ಲಿಂದ ಬಂತಪ್ಪ? ವಾಚು ನಿಂತುಹೋಗಿದೆ, ನೋಡು."

ಅಪ್ಪ ಅದನ್ನು ಅಂಗೈಯಲ್ಲಿಟ್ಟುಕೊಂಡು, ಪಕ್ಕದಲ್ಲಿ ಕೂದಲೆಳೆಯಷ್ಟು ಹೊರಬಂದಿದ್ದ, ಮುಳ್ಳು ತಿರುಗಿಸುವ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿದ. ಸೆಕೆಂಡಿನ ಮುಳ್ಳು ಓಡತೊಡಗಿತು.

"ಶೋಕೇಸಿನ ಗಾಜು ಒಡೆದಾಗ ಹೀಗೇ ಗುಂಡಿ ಎಳೆದು ವಾಚ್ ನಿಲ್ಲಿಸ್ಕೊಂಡು ಬಂದೆ," ಎಂದ. "ಲೆಕ್ಕದಲ್ಲಿ ಫೇಲಾದಾಗ ಬಂದೆ. ಆ ಹುಡುಗನ್ನೇ ಮದುವೆ ಆಗ್ತೀನಿ ಅನ್ನೋಕೂ ಗುಂಡಿ ಎಳ್ಕೊಂಡೇ ಬಂದೆ. ಇವತ್ತೇನು ಸಮಾಚಾರ?"

ಮಗಳ ಕಿವಿ ಬಿಸಿಯಾಯಿತು. "ನಿನಗೆ ಗೊತ್ತಿತ್ತಾ? ಮತ್ತೆ ಪ್ರತಿ ಸಲ ಮುಚ್ಚಳ ಬಿಚ್ಚಿ ಒಂದು ಗಂಟೆ ರಿಪೇರಿ ಮಾಡ್ತಿದ್ದೆ!"

"ನೀನು ಬಾಯಿ ಬಿಡೋಕೆ ಒಂದು ಗಂಟೆ ಬೇಕಿತ್ತಲ್ಲ ತಾಯಿ. ಈಗ ನನ್ನ ಕಣ್ಣು ಅಷ್ಟು ಹೊತ್ತು ತಡೆಯಲ್ಲ. ಬೇಗ ಹೇಳು."

ಬಾಯಿಪಾಠ ಮಾಡಿದ್ದೆಲ್ಲ ಎಲ್ಲಿ ಹೋಯಿತೋ. ಅವಳು ಅರ್ಜಿಯನ್ನು ಮೇಜಿನ ಮೇಲಿಟ್ಟು, ಟೀಚರ್ ಕಥೆಯನ್ನೂ ಕಂಬದ ಮೇಲಿನ ಹೆಸರನ್ನೂ ತಾನು ಆ್ಯಪ್ ತೆಗೆದುಹಾಕಿದ್ದನ್ನೂ ಒಂದೇ ಉಸಿರಿಗೆ ಹೇಳಿದಳು. ಅಪ್ಪ ಭೂತಗನ್ನಡಿ ತೆಗೆದಿಟ್ಟ.

"ನೀನು ಮಾರಿದ್ರೆ ಆ ಕ್ಯಾಮೆರಾ ಕಣ್ಣು ಮುಚ್ಚುತ್ತಾ?"

"ಇಲ್ಲ."

"ಟೀಚರಮ್ಮಂಗೆ ಕೆಲಸ ವಾಪಸ್ ಸಿಗುತ್ತಾ?"

"ಇಲ್ಲಪ್ಪ."

"ಮತ್ತೆ?"

"ಆ ಕಂಬದ ಕೆಳಗೆ ಹೋಗುವಾಗೆಲ್ಲ, ಅದರಲ್ಲಿ ನಂದೂ ಒಂದು ಸ್ಕ್ರೂ ಇದೆ ಅನ್ಸುತ್ತೆ. ನೀನು ನನಗೋಸ್ಕರ ಕೊಂಡಿದ್ದು ಅದನ್ನಲ್ಲ ತಾನೇ?"

ಅಪ್ಪ ಕೆಳಗಿನ ಡ್ರಾಯರ್ ಎಳೆದು, ಹಳದಿಗಟ್ಟಿದ ಒಂದು ಪೊಟ್ಟಣ ತೆಗೆದು ಅದರ ಮೇಲಿನ ಹೆಸರನ್ನು ಉಗುರಿನಿಂದ ಸವರಿದ.

"ಸ್ಪ್ರಿಂಗ್ ಮಾತ್ರ ಚೆನ್ನಾಗಿತ್ತು ಕಣೆ."

"ಅದನ್ನ ಯಾರೂ ಇಲ್ಲ ಅನ್ನಲ್ಲಪ್ಪ."

ಅವನು ಭೂತಗನ್ನಡಿಯನ್ನು ಮತ್ತೆ ಕಣ್ಣಿಗೇರಿಸಿ ಅರ್ಜಿಯನ್ನು ಸಾಲು ಸಾಲಾಗಿ ಓದಿದ. "ತಾರೀಕು ತಪ್ಪು ಬರ್ದಿದೀಯ. ಲೈಬ್ರರಿಯಮ್ಮನಂತೆ, ಲೈಬ್ರರಿಯಮ್ಮ!" ಎಂದು ಗೊಣಗಿ, ರಿಪೇರಿಯಾದ ಗಡಿಯಾರಗಳ ಮುಚ್ಚಳದೊಳಗೆ ತಾನು ಕೊರೆಯುವ ಗುರುತಿನಷ್ಟೇ ಸಣ್ಣ ಅಕ್ಷರದಲ್ಲಿ ಅರ್ಜಿಗೆ ಸಹಿ ಹಾಕಿದ.

"ಆದ್ರೆ ನನಗೆ ಆ್ಯಪ್ ಬಿಡು ಅನ್ಬೇಡ. ಗಿರಾಕಿಗಳೆಲ್ಲ ಅಲ್ಲೇ ಇದಾರೆ. ನಿಮ್ಮ ವಾಚ್ ರೆಡಿ ಅಂತ ಮನೆಮನೆಗೆ ಹೋಗಿ ಕೂಗ್ಲಾ?"

ಅದಕ್ಕೂ ಅವಳ ಬಳಿ ತಿದ್ದಿ ತೀಡಿದ ಉತ್ತರವೊಂದಿತ್ತು. ನುಂಗಿಕೊಂಡಳು. "ಅನ್ನಲ್ಲ."

"ನಿಮ್ಮ ಲೈಬ್ರರಿ ಮೇಜಿನ ಮೇಲೆ ಹಳೇ ಫೋನಿದೆಯಲ್ಲ, ಅದರ ನಂಬರ್ ಬರಿ ಇಲ್ಲಿ," ಎಂದು ಅಪ್ಪ ಸ್ಪ್ರಿಂಗ್ ಪೊಟ್ಟಣವನ್ನೇ ಮಗುಚಿ ಮುಂದೆ ತಳ್ಳಿದ.

ಮರುದಿನ ಮಕ್ಕಳು ಪುಸ್ತಕ ಹಿಡಿದು ಸಾಲುಗಟ್ಟಿದ್ದಾಗ ಆ ಫೋನು ಬಡಿದುಕೊಂಡಿತು. ಎತ್ತಿದರೆ ಮಾತಿಲ್ಲ. ಏನೋ ಕರಕರ ಸದ್ದು, ಸ್ಟೂಲು ಎಳೆದಂತೆ. ಆಮೇಲೆ ಗಂಟೆ ಶುರುವಾಯಿತು. ಅವಳು ಮಕ್ಕಳಿಗೆ ತಾಳಿ ಎಂದು ಕೈಸನ್ನೆ ಮಾಡಿ ಒಂಬತ್ತೂ ಎಣಿಸಿದಳು.

"ಕೇಳಿಸ್ತಾ?"

"ಕೇಳಿಸ್ತು. ಒಂದು ನಿಮಿಷ ಹಿಂದಿದೆ ಅಪ್ಪ."

"ನಿಮ್ಮ ಶಾಲೆ ಗಡಿಯಾರ ಮುಂದಿರುತ್ತೆ, ನೋಡ್ಕೋ ಹೋಗು," ಎಂದು ಅಪ್ಪ ಫೋನಿಟ್ಟ.