ಡ್ರಮ್ಮಿನ ಹಿಂದಿನ ಬಾಟಲಿ

ಅಕ್ಕನ ಮೇಲೆ ಸುಳ್ಳು ಅಪವಾದ ಹೊರಿಸಿ ಒಂಬತ್ತು ದಿನವಾಗಿತ್ತು. ಅವಳ ಮುಖ ನೋಡುವ ಧೈರ್ಯ ನನಗೆ ಇನ್ನೂ ಬಂದಿರಲಿಲ್ಲ.

ಅಕ್ಕ ಆಸ್ಪತ್ರೆಯ ಕ್ಯಾಂಟೀನ್ ನಡೆಸುತ್ತಾಳೆ. ಅಲ್ಲಿ ಕರಿದು ಕಪ್ಪಾದ ಎಣ್ಣೆಯನ್ನು ಡಬ್ಬದಲ್ಲಿ ತುಂಬಿ ನನಗೆ ಕೊಡುತ್ತಾಳೆ. ನಾನು ಮನೆಯ ಹಿಂದಿನ ಶೆಡ್ಡಿನಲ್ಲಿ ಅದನ್ನು ಸೋಸಿ, ನೀರಿನಂಶ ಹೋಗುವವರೆಗೆ ಕಾಯಿಸಿ, ಮೆಥನಾಲ್, ಕಾಸ್ಟಿಕ್ ಸೋಡಾ ಬೆರೆಸಿ ಬಯೋಡೀಸೆಲ್ ಮಾಡುತ್ತೇನೆ. ಬಂಕಿನ ಡೀಸೆಲ್‌ಗಿಂತ ಅಗ್ಗ, ಎಣ್ಣೆ ಚರಂಡಿಗೆ ಹೋಗುವುದೂ ತಪ್ಪಿತು ಎಂದು ಸಿಕ್ಕಸಿಕ್ಕವರ ತಲೆ ತಿಂದು ‘ಎಣ್ಣೆ ಪ್ರೊಫೆಸರ್’ ಎಂಬ ಬಿರುದನ್ನೂ ಗಿಟ್ಟಿಸಿದ್ದೇನೆ. ನನ್ನ ಮಾತು ನಂಬಿದವನು ಒಬ್ಬನೇ: ಡಯಾಲಿಸಿಸ್ ರೋಗಿಗಳನ್ನು ಆಸ್ಪತ್ರೆಗೆ ಕರೆತರುವ ವ್ಯಾನಿನ ಡ್ರೈವರ್.

ಪ್ರತಿ ಸಲವೂ ಕೊನೆಗೆ ಒಂದು ಬಾಟಲಿಗೆ ಅರ್ಧ ನೀರು, ಅರ್ಧ ಬಯೋಡೀಸೆಲ್ ಹಾಕಿ ಕುಲುಕಿ, ಮೇಲೆ ತಾರೀಕು ಬರೆದಿಡುವುದು ನನ್ನ ಪದ್ಧತಿ. ಎರಡೂ ಬೇರೆಬೇರೆಯಾಗಿ ತಿಳಿಯಾದರೆ ಪಾಸ್. ನಡುವೆ ಹಾಲಿನಂಥ ಪದರ ಉಳಿದರೆ ಅದು ಸೋಪು, ಗಾಡಿಯ ಫಿಲ್ಟರಿಗೆ ಮೆತ್ತಿಕೊಳ್ಳುತ್ತದೆ. ಮತ್ತೆ ತೊಳೆಯಬೇಕು, ಒಣಗಿಸಬೇಕು, ಎರಡು ದಿನದ ಕೆಲಸ. ಆ ಸಲ ಪದರ ಎರಡು ಬೆರಳು ದಪ್ಪ ನಿಂತಿತ್ತು. ಆದರೆ ಸೋಮವಾರ ಬೆಳಿಗ್ಗೆ ಕೊಟ್ಟೇ ಕೊಡುತ್ತೇನೆ ಎಂದು ಡ್ರೈವರ್ ಎದುರು ಕೊಚ್ಚಿಕೊಂಡಿದ್ದೆ. ಬಾಟಲಿಯನ್ನು ಡ್ರಮ್ಮಿನ ಹಿಂದಕ್ಕೆ ತಳ್ಳಿ ಕ್ಯಾನ್ ತುಂಬಿಸಿಬಿಟ್ಟೆ.

ಫಿಲ್ಟರ್ ಕಟ್ಟಿಕೊಂಡು ವ್ಯಾನು ಅರ್ಧ ದಾರಿಯಲ್ಲಿ ನಿಂತಿತು. ಒಳಗಿದ್ದ ಅಜ್ಜಿಯೊಬ್ಬರು ಉರಿಬಿಸಿಲಲ್ಲಿ ಡ್ರೈವರ್ ಹೆಗಲು ಹಿಡಿದು ಆಸ್ಪತ್ರೆಯವರೆಗೆ ನಡೆದು ಬಂದರಂತೆ. ಅವನು ನೇರ ಕ್ಯಾಂಟೀನಿಗೆ ಬಂದ. ನಾನೂ ಅಲ್ಲೇ ಇದ್ದೆ.

“ಏನ್ ಹಾಕಿದ್ರಿ ಪ್ರೊಫೆಸರೇ?”

“ನಂದೇನಿಲ್ಲಪ್ಪ, ಅಕ್ಕ ಕೊಟ್ಟ ಎಣ್ಣೇಲೇ ನೀರಿತ್ತು,” ಅಂದುಬಿಟ್ಟೆ.

ಎಣ್ಣೆಯಲ್ಲಿ ನೀರು ಉಳಿದರೆ ಸೋಪಾಗುವುದು ನಿಜ, ಆದರೆ ಅದನ್ನು ಕಾಯಿಸಿ ತೆಗೆಯಬೇಕಾದವನು ನಾನೇ. ಅಕ್ಕನಿಗೂ ಅದು ಗೊತ್ತು. ಆದರೂ ಅವಳು ಲೋಟ ತೊಳೆಯುತ್ತಲೇ ನಿಂತಳು.

ಒಂಬತ್ತನೆಯ ದಿನ ಅವಳೇ ಡಬ್ಬ ಹೊತ್ತು ಶೆಡ್ಡಿಗೆ ಬಂದಳು. ಬಲಗೈಗೆ ಮೊಣಕೈವರೆಗೂ ಬಟ್ಟೆ ಸುತ್ತಿತ್ತು.

“ಚಟಪಟ ಅನ್ನೋದು ನಿಲ್ಲೋವರೆಗೂ ನಾನೇ ಕಾಯ್ಸಿದೀನಿ ಕಣೋ. ಈಗ ಒಂದು ಹನಿ ನೀರಿಲ್ಲ.”

“ಕೈಗೇನಾಯ್ತು?”

“ಸಿಡೀತು. ಇನ್ನೇನ್ ಮಾಡುತ್ತೆ, ಎಣ್ಣೆ ಅಲ್ವಾ?”

ಡ್ರಮ್ಮಿನ ಹಿಂದೆ ಕೈಹಾಕಿ ಬಾಟಲಿ ತೆಗೆದು ಅವಳ ಮುಂದೆ ಹಿಡಿದೆ. ಪದರ ಹಾಗೇ ಇತ್ತು. ಅವಳು ತಾರೀಕು ಓದಿದಳು.

“ಕೊಡೋಕೆ ಮೊದ್ಲೇ ಗೊತ್ತಿತ್ತಾ?”

“ಗೊತ್ತಿತ್ತಕ್ಕ.”

ಅವಳು ಬೈಯಲಿಲ್ಲ. ಎರಡೇಟು ಹಾಕಿದ್ದರೆ ಎಷ್ಟೋ ವಾಸಿ ಇತ್ತು. “ನಂಗೆ ಹೇಳಿದ್ರೆ ಮುಗೀತಾ? ನನ್ ಮೇಲೆ ಹಾಕಿದ್ದು ಯಾರ ಮುಂದೆ?” ಎಂದಳು.

ಬಾಟಲಿ ಹಿಡಿದು ಅವಳ ಹಿಂದೆ ಹೊರಟೆ. ಡ್ರೈವರ್ ಆಸ್ಪತ್ರೆ ಗೇಟಿನ ಬಳಿ ವ್ಯಾನು ಒರೆಸುತ್ತಿದ್ದ. ತಲೆ ತಗ್ಗಿಸಿಕೊಂಡೇ ಎಲ್ಲ ಹೇಳಿದೆ. ಅವನು ಬಾಟಲಿ ನೋಡಿದ, ಅಕ್ಕನನ್ನು ನೋಡಿದ.

“ಅಲ್ಲ ಪ್ರೊಫೆಸರೇ, ನಿಮ್ಮಕ್ಕ ಅವತ್ತು ಸಂಜೇನೇ ಆ ಅಜ್ಜಿ ಮನೇಗೆ ಹೋಗಿದ್ರು. ತಪ್ಪು ನಂದೇ, ನನ್ ತಮ್ಮನ್ನ ಬೈಬೇಡಿ ಅಂತ ಅವರ ಕೈ ಹಿಡ್ಕೊಂಡು ಕೇಳ್ಕೊಂಡ್ರಂತೆ.”

ಅಕ್ಕ ಬೇರೆ ಕಡೆ ತಿರುಗಿಕೊಂಡಳು.

“ಆ ಮನೆ ಎಲ್ಲಿ?” ಎಂದು ಕೇಳಿದೆ.

ಡ್ರೈವರ್ ವ್ಯಾನಿನ ಬಾಗಿಲು ತೆಗೆದ. “ಹತ್ತಿ. ಬಂಕಿನ ಡೀಸೆಲ್ ಹಾಕ್ಸಿದೀನಿ, ದಾರೀಲಿ ನಿಲ್ಲಲ್ಲ.”

ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು, ಅಜ್ಜಿ ಕೂರುವ ಸೀಟಿನಲ್ಲಿ ಕುಳಿತೆ.