ಐದು ಬಾಗಿಲಿನ ಮನೆ

ರಾಮಸ್ವಾಮಿಯವರು ನಮ್ಮನ್ನು ಮನೆಯಿಂದ ಹೊರಗೆ ಹಾಕಿದ್ದು ಒಂದು ಶುಕ್ರವಾರ. ನನ್ನ ಗಂಡ ಗೌಸ್ ನಮಾಜಿಗೆ ಹೋಗಿದ್ದರು. ನಾನು ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ವಾಪಸು ಬರುವಷ್ಟರಲ್ಲಿ ಪಾತ್ರೆ, ಟ್ರಂಕು, ಹಾಸಿಗೆ, ಮಿಕ್ಸಿ ಎಲ್ಲ ಬೀದಿಯಲ್ಲಿದ್ದವು. ಬಾಗಿಲಿಗೆ ಹೊಸ ಬೀಗ ಬಿದ್ದಿತ್ತು. ಹನ್ನೊಂದು ವರ್ಷ ಆ ಮನೆಯಲ್ಲಿ ಬಾಡಿಗೆಗಿದ್ದೆವು.

"ಮೂರು ಸಲ ಹೇಳಿದ್ದೆನಲ್ಲಮ್ಮ ರೆಹಮತ್," ಅಂದರು ಪಕ್ಕದ ತಮ್ಮ ಮನೆಯ ಜಗಲಿಯ ಮೇಲಿಂದ. "ನಮ್ಮ ಶ್ರೀಕರನಿಗೆ ಮನೆ ಬೇಕು ಅಂತ. ನಿಮ್ಮದು ಒಂದು ಲೋಟಾನೂ ನಾನು ಇಟ್ಕೊಂಡಿಲ್ಲ. ಬೇಕಾದ್ರೆ ಎಣಿಸಿಕೋ."

ಶ್ರೀಕರ ಅವರ ಮಗ. ಇವತ್ತಿಗೆ ನಾಲ್ಕು ತಿಂಗಳಾಯಿತು. ಅವನು ಆ ಮನೆಗೆ ಬಂದಿಲ್ಲ. ಬೀಗ ಹಾಗೇ ಇದೆ.

ಬ್ರೋಕರ್ ಕುಮಾರ್ ಫೋನಿನಲ್ಲಿ ಎರಡು ಮನೆ ಖಾಲಿ ಇವೆ ಅಂದಿದ್ದ. ಎದುರಿಗೆ ಬಂದವನು ನನ್ನ ಬುರ್ಖಾ ನೋಡಿ ತಲೆ ಕೆರೆದುಕೊಂಡ.

"ಫೋನಲ್ಲಿ ನಿಮ್ಮೆಜಮಾನ್ರು ಅಚ್ಚ ಕನ್ನಡ ಮಾತಾಡುದ್ರು ಕನಕ್ಕ, ಗೊತ್ತಾಗ್ನಿಲ್ಲ. ಮನೆ ಓಗ್ಬುಡ್ತು."

"ಯಾವಾಗ ಓಯ್ತಣ್ಣ?"

"ಈಗ್ಲೇಯ. ನೀವು ಬತ್ತಾ ಇದ್ದಂಗೇಯ."

ಗೌಸ್ ಅವನ ಬೆನ್ನಿಗೆ "ಬೋಳಿಮಗ" ಅಂದರು. ಅವನಿಗೆ ಕೇಳಿಸುವಷ್ಟು ಜೋರಾಗಿ ಅನ್ನಲಿಲ್ಲ. ಅವನೂ ಬೇಕಾಗಬಹುದು.

ನಮ್ಮ ಜನರ ಬೀದಿಯಲ್ಲಿ ಸಿಗಲಿಲ್ಲವೇ ಎಂದು ನೀವು ಕೇಳುತ್ತೀರಿ. ಎಲ್ಲರನ್ನೂ ಅದೊಂದೇ ಬೀದಿಗೆ ಅಟ್ಟಿದರೆ ಅಲ್ಲಿ ಖಾಲಿ ಮನೆ ಎಲ್ಲಿಂದ ಬರುತ್ತದೆ? ಇದ್ದ ಒಂದಕ್ಕೆ ನಮ್ಮ ಕೈಗೆಟುಕದ ಮುಂಗಡ. ನನ್ನ ತಮ್ಮನ ಮನೆಯಲ್ಲಿ ಒಂದೇ ಕೋಣೆಯಲ್ಲಿ ಒಂಬತ್ತು ಜನ ಎಂಟು ದಿನ ಇದ್ದೆವು. ಒಂಬತ್ತನೆಯ ದಿನ ತಮ್ಮನ ಹೆಂಡತಿ ಟೀ ಲೋಟವನ್ನು ಇಡುವ ಬದಲು ಕುಕ್ಕಿದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ.

ಉಳಿದದ್ದು ಓಮ್ನಿ ವ್ಯಾನು. ಹಳೆಯದು, ಆದರೆ ನಮ್ಮದೇ. ಗೌಸ್ ಅದರಲ್ಲಿ ಬೆಳಿಗ್ಗೆ ಸಂಜೆ ಒಂದು ಪ್ರೈವೇಟ್ ಸ್ಕೂಲಿಗೆ ಒಂಬತ್ತು ಮಕ್ಕಳನ್ನು ಕರೆದೊಯ್ದು ಬಿಡುತ್ತಾರೆ. ಆ ಒಂಬತ್ತರಲ್ಲಿ ಚಿನ್ನು ಒಬ್ಬಳು. ಶ್ರೀಕರನ ಮಗಳು, ರಾಮಸ್ವಾಮಿಯವರ ಮೊಮ್ಮಗಳು. ಮನೆಯಿಂದ ಹೊರಗೆ ಹಾಕಿದರೂ ವ್ಯಾನ್ ಬಿಡಿಸಲಿಲ್ಲ. ಗೌಸ್‌ನಷ್ಟು ನಿಧಾನವಾಗಿ ಓಡಿಸುವವನು ಶ್ರೀರಂಗಪಟ್ಟಣದಲ್ಲಿ ಇನ್ನೊಬ್ಬನಿಲ್ಲ ಎಂದು ಅವರೇ ನಾಲ್ಕು ಜನರಿಗೆ ಹೇಳುತ್ತಾರೆ.

ಗಾಡಿಯಲ್ಲಿ ಸಂಸಾರ ಮಾಡುವುದನ್ನು ನಮಗೆ ಯಾರೂ ಹೇಳಿಕೊಡಲಿಲ್ಲ. ನಾನು ನಿಮಗೆ ಹೇಳುತ್ತೇನೆ, ಕೇಳಿಟ್ಟುಕೊಳ್ಳಿ. ಮನೆಯಿದ್ದವರಿಗೆ ಇದೆಲ್ಲ ಬೇಡ ಅನ್ನಿಸುತ್ತದೆ. ನಮಗೂ ಹನ್ನೊಂದು ವರ್ಷ ಬೇಡವಾಗಿತ್ತು.

ಮೊದಲನೆಯದು, ಎಲ್ಲಿ ನಿಲ್ಲಿಸುವುದು. ಮರದ ಕೆಳಗೆ, ಒಂಟಿ ಜಾಗದಲ್ಲಿ ಎಂದು ಮನಸ್ಸು ಹೇಳುತ್ತದೆ. ಅದರ ಮಾತು ಕೇಳಬೇಡಿ. ಒಂಟಿ ಗಾಡಿಯ ಗಾಜನ್ನು ಪೊಲೀಸರೂ ಬಡಿಯುತ್ತಾರೆ, ಕುಡುಕರೂ ಬಡಿಯುತ್ತಾರೆ. ಆಸ್ಪತ್ರೆಯ ಮುಂದೆ ನಿಲ್ಲಿಸಿ. ಒಳಗೆ ಇವರವರು ಯಾರೋ ಸಾಯುತ್ತಿರಬಹುದು ಎಂದುಕೊಂಡು ಜನ ಸುಮ್ಮನಾಗುತ್ತಾರೆ. ಮದುವೆಯಿದ್ದ ದಿನ ಕಲ್ಯಾಣ ಮಂಟಪದ ಮುಂದೆ ನಿಲ್ಲಿಸಿ. ಹೆಣ್ಣಿನವರು ಗಂಡಿನವರೆಂದೂ, ಗಂಡಿನವರು ಹೆಣ್ಣಿನವರೆಂದೂ ತಿಳಿಯುತ್ತಾರೆ. ಭಾನುವಾರ ಕೆ.ಆರ್.ಎಸ್.ಗೆ ಹೋಗಿ ಗಾಡಿಯ ಪಕ್ಕ ಚಾಪೆ ಹಾಸಿ ಕೂತು, ಡಬ್ಬಿ ಬಿಚ್ಚಿ ಉಣ್ಣಿ. ಬೇಕಾದರೆ ಒಲೆಯನ್ನೂ ಹಚ್ಚಿ. ಟೂರು ಬಂದವರನ್ನು ಇಲ್ಲೇಕೆ ಬಿದ್ದುಕೊಂಡಿದ್ದೀರಿ ಎಂದು ಈ ದೇಶದಲ್ಲಿ ಯಾರೂ ಕೇಳುವುದಿಲ್ಲ.

ರಾತ್ರಿ ಗಾಜನ್ನು ಎರಡು ಬೆರಳು ಇಳಿಸಿರಬೇಕು. ಪೂರ್ತಿ ಮುಚ್ಚಿದರೆ ಒಳಗಿನವರ ಉಸಿರಿಗೆ ಗಾಜು ಬೆವರುತ್ತದೆ. ಬೆವರಿದ ಗಾಜನ್ನು ನೋಡಿದರೆ ಒಳಗೆ ಜನ ಇದ್ದಾರೆಂದು ಬೆಳಿಗ್ಗೆ ಹಾಲಿನವನಿಗೂ ತಿಳಿಯುತ್ತದೆ. ಕಿಟಕಿಗೆ ಪರದೆ ಕಟ್ಟಬೇಡಿ, ಇಸ್ತ್ರಿ ಮಾಡಿದ ಒಂದು ಶರಟು ತೂಗುಹಾಕಿ. ಅದು ಮಾನಸ್ಥರ ಗಾಡಿಯಂತೆ ಕಾಣುತ್ತದೆ.

ಸ್ನಾನಕ್ಕೆ ಬಸ್ ಸ್ಟ್ಯಾಂಡಿನ ಕಾಸು ಕೊಟ್ಟು ಹೋಗುವ ಶೌಚಾಲಯ. ಬೆಳಗಿನ ಐದಕ್ಕೇ ಹೋಗಬೇಕು, ಆಮೇಲೆ ನೀರು ನಿಲ್ಲುತ್ತದೆ. ಅಲ್ಲಿ ಕೂರುವ ಪುಟ್ಟಸ್ವಾಮಿ ಒಂದು ವಾರ ನನ್ನನ್ನು ನೋಡಿ ನೋಡಿ ಕೊನೆಗೆ ಬಾಯಿಬಿಟ್ಟ.

"ಏನವ್ವೋ, ದಿನಾ ಬತ್ತೀಯಲ್ಲ, ಯಾವೂರ್ ಬಸ್ಸು ನಿಂದು?"

"ಪಾಂಡವಪುರದ್ದು."

"ಐದ್ಗಂಟೆಗೆ ಅಲ್ಲಿಂದ ಯಾವ ಬಸ್ಸವ್ವ? ನಿಮ್ಮಪ್ಪ ಬುಟ್ಟಿದ್ನಾ?" ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿ, "ಓಗು ಓಗು. ಬಲಗಡೆ ಕೊನೇದ್ರಲ್ಲಿ ಚಿಲ್ಕ ಗಟ್ಟಿಯಾಗದೆ," ಅಂದ. ನಾಲ್ಕು ತಿಂಗಳಲ್ಲಿ ನಮಗೆ ಯಾರಾದರೂ ಕೊಟ್ಟ ಬಾಗಿಲೆಂದರೆ ಅದೊಂದೇ.

ಹಗಲು ಮಲಗಬೇಕೆನಿಸಿದರೆ ಹೆಂಗಸರಿಗೆ ಬಸ್ಸಿದೆ. ಟಿಕೆಟಿಗೆ ದುಡ್ಡು ಕೊಡಬೇಕಿಲ್ಲ. ಕೆ.ಆರ್. ಪೇಟೆಗೆ ಹೋಗಿ ಬಂದರೆ ಮೂರು ಗಂಟೆಯ ನಿದ್ದೆ. ಕಂಡಕ್ಟರ್ ಆಧಾರ್ ಕೇಳುತ್ತಾನೆ. ಅದರಲ್ಲಿ ನಮ್ಮ ವಿಳಾಸ ಇನ್ನೂ ರಾಮಸ್ವಾಮಿಯವರ ಮನೆಯೇ.

ಅಡುಗೆಗೆ ಚಿಕ್ಕ ಸಿಲಿಂಡರಿನ ಒಲೆ ಸಾಕು. ಆದರೆ ಸ್ಕೂಲ್ ವ್ಯಾನಿನಲ್ಲಿ ಬದುಕುವವರು ಈರುಳ್ಳಿ ಹುರಿಯಬಾರದು, ಬೆಳ್ಳುಳ್ಳಿಯ ಒಗ್ಗರಣೆ ಹಾಕಬಾರದು. ಬಾಡು ತಿನ್ನಬೇಕೆಂದರೆ ಶನಿವಾರ ಮಧ್ಯಾಹ್ನ, ಮಕ್ಕಳನ್ನು ಬಿಟ್ಟು ಬಂದ ಮೇಲೆ. ಸೋಮವಾರದವರೆಗೆ ಬಾಗಿಲೆಲ್ಲ ತೆರೆದಿಟ್ಟು ಹೊಳೆಯ ಗಾಳಿಗೆ ವಾಸನೆ ಬಿಡಬೇಕು. ಕೂತ ಸೀಟನ್ನು ಮಕ್ಕಳು ಮೂಸುತ್ತಾರೆ. ಮಕ್ಕಳು ಬಂದ ಮನೆಗಳು ಮಕ್ಕಳನ್ನು ಮೂಸುತ್ತವೆ.

ಪಾಂಡವಪುರಕ್ಕೆ ಕೊಟ್ಟಿರುವ ಮಗಳು ಆಫ್ರೀನ್‌ಗೆ ಫೋನಿನಲ್ಲಿ ನಾವು ಮನೆ ಬದಲಾಯಿಸಿದ್ದೇವೆಂದಷ್ಟೇ ಹೇಳಿದ್ದೆ. ಅವಳ ಅತ್ತೆಮನೆಯಲ್ಲಿ ಅವಳು ತಲೆಯೆತ್ತಿ ಓಡಾಡಬೇಕಲ್ಲ.

"ಹೊಸ ಮನೆ ಎಂಗದೆ ಅಮ್ಮಿ?"

"ಗಾಳಿ ಬೆಳಕು ಚೆನ್ನಾಗದೆ."

"ಎಷ್ಟು ರೂಮು?"

"ಐದು ಬಾಗಿಲು ಅವೆ," ಅಂದೆ. ಮುಂದೆ ಎರಡು, ಪಕ್ಕಕ್ಕೆ ಎರಡು, ಹಿಂದೆ ಒಂದು. ಸುಳ್ಳಲ್ಲ.

"ಅಷ್ಟು ದೊಡ್ಡ ಮನೆನಾ! ಈದ್‌ಗೆ ಅಲ್ಲಿಗೇ ಬತ್ತೀವಿ ಬುಡು," ಅಂದಳು. ಗೌಸ್ ಸ್ಟೀರಿಂಗಿನ ಮೇಲೆ ತಲೆಯಿಟ್ಟು ನಕ್ಕರು. ನಗುವೇ ಇರಬೇಕು, ಮುಖ ಕಾಣಲಿಲ್ಲ.

ಎಲ್ಲಕ್ಕಿಂತ ಕಷ್ಟದ್ದು ಬೆಳಗಿನ ಏಳು ಗಂಟೆ. ಅಷ್ಟರೊಳಗೆ ಮನೆ ಇಲ್ಲವಾಗಬೇಕು. ಒಲೆ, ಬಕೆಟ್ಟು, ಚಾಪೆಗಳನ್ನು ಪಂಕ್ಚರ್ ಅಂಗಡಿಯ ಮುಬಶ್ಶಿರ್‌ನ ಶೆಡ್ಡಿಗೆ ಹಾಕುತ್ತೇವೆ. ದಿಂಬು ಸೀಟಿನ ಕೆಳಗೆ. ಕೊನೆಗೆ ಅತ್ತೆ. ಅವರಿಗೆ ಎಪ್ಪತ್ತು ದಾಟಿದೆ, ಉಬ್ಬಸ, ಎರಡೂ ಕಾಲು ಊದಿಕೊಂಡಿವೆ. ನಾನು ಕಂಕುಳಿಗೆ ಕೈ ಹಾಕಿದರೆ ಗೌಸ್ ಕಾಲು ಹಿಡಿಯುತ್ತಾರೆ. ಅಂಗಡಿಯ ಮುಂದಿನ ಕಲ್ಲು ಬೆಂಚಿನ ಮೇಲೆ ಇಳಿಸುತ್ತೇವೆ. ಮಕ್ಕಳನ್ನು ಬಿಟ್ಟು ಗಾಡಿ ಬರುವವರೆಗೆ ಅವರು ಅಲ್ಲೇ. ಸಂಜೆ ಮತ್ತೆ ಹೀಗೇ. ಮಳೆ ಬಂದರೆ ಮೇಲೊಂದು ಟಾರ್ಪಾಲು.

"ಸಾಮಾನು ಇಳಿಸ್ದಂಗೆ ಇಳಿಸ್ತೀಯಲ್ಲೋ ನನ್ನ," ಎಂದು ಒಮ್ಮೆ ಮಗನಿಗೆ ಅಂದರು.

"ಸಾಮಾನಾದ್ರೆ ಶೆಡ್ಡೊಳಗೆ ಮಡಗ್ತಿದ್ದೆ ಕಣಮ್ಮ," ಅಂದರು ಗೌಸ್. ಇಬ್ಬರೂ ನಕ್ಕರು.

ಕೆಟ್ಟದ್ದು ಆದದ್ದು ಅತ್ತೆಯ ತಸ್ಬೀಹ್‌ನಿಂದ. ತಸ್ಬೀಹ್ ಎಂದರೆ ನಮ್ಮ ಜಪಮಾಲೆ. ಯಾರೋ ಮೆಕ್ಕಾದಿಂದ ತಂದುಕೊಟ್ಟದ್ದು, ಕತ್ತಲಲ್ಲಿ ಹಸಿರಾಗಿ ಹೊಳೆಯುವ ಮಣಿಗಳು. ಸೋಮವಾರದ ಅವಸರದಲ್ಲಿ ಅದು ಸೀಟಿನ ಸಂದಿಗೆ ಬಿದ್ದುಹೋಗಿತ್ತು. ಚಿನ್ನುವಿಗೆ ಸಿಕ್ಕಿತು. ಕೊರಳಿಗೆ ಹಾಕಿಕೊಂಡು ಫ್ರಾಕಿನೊಳಗೆ ಬಚ್ಚಿಟ್ಟುಕೊಂಡು ಮನೆಗೆ ಹೋದಳು. ಸಂಜೆ ಪೂಜೆಯ ಹೊತ್ತಿಗೆ ಕರೆಂಟು ಹೋಯಿತಂತೆ. ದೇವರ ಕೋಣೆಯ ಬಾಗಿಲಲ್ಲಿ ಹಸಿರು ಬೆಳಕಿನ ಸರ ಹಾಕಿಕೊಂಡ ಮೊಮ್ಮಗಳು.

"ಯಾರದೇ ಇದು?"

"ಗೌಸ್ ಅಂಕಲ್ ಮನೇಲಿ ಸಿಕ್ತು ತಾತ."

"ಯಾವ ಮನೆ?"

"ವ್ಯಾನು! ಅಜ್ಜಿ ಅಲ್ಲೇ ಮಲಗೋದು. ಸೀಟಿನ ಕೆಳಗೆ ದಿಂಬೂ ಇದೆ."

ಮಗುವಿಗೆ ಎಲ್ಲ ಗೊತ್ತಿತ್ತು. ಎಂದಿನಿಂದಲೋ ಗೊತ್ತಿತ್ತು. ಯಾರಿಗೂ ಹೇಳಿರಲಿಲ್ಲ, ಅಷ್ಟೆ.

ಮಾರನೆಯ ದಿನ ರಾಮಸ್ವಾಮಿಯವರು ಗೌಸ್‌ರನ್ನು ಕರೆಸಿದರು. ನಾನೂ ಹೋಗಿ ಗೇಟಿನ ಹೊರಗೆ ನಿಂತೆ. ತಸ್ಬೀಹ್ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಗೇಟಿನ ಸರಳಿಗೆ ನೇತಾಡುತ್ತಿತ್ತು. ಅವರ ಸೊಸೆ ಸಹನ ಬಾಗಿಲ ಮರೆಯಲ್ಲಿದ್ದಳು.

"ನೋಡಪ್ಪಾ ಗೌಸ್, ಇದು ಜಾತಿ ಮಾತಲ್ಲ, ಶುಚಿ ಮಾತು. ಮಕ್ಕಳು ಕೂರೋ ಜಾಗದಲ್ಲಿ ಕಾಯಿಲೆ ಮನುಷ್ಯರನ್ನ ಮಲಗಿಸ್ತೀಯಲ್ಲ, ಹೇಳಿದ್ಯಾ ನಮಗೆ?"

"ತಪ್ಪಾಯ್ತು ಸ್ವಾಮಿ."

"ಪೇರೆಂಟ್ಸ್ ಗ್ರೂಪಲ್ಲಿ ಎಲ್ಲರೂ ಬೇರೆ ವ್ಯಾನು ನೋಡೋಣ ಅಂದ್ರು. ನಾನೇ ಬೇಡ ಅಂದೆ. ಬಡವನ ಹೊಟ್ಟೆ ಮೇಲೆ ಹೊಡೀಬಾರದು. ಒಂದು ಕೆಲಸ ಮಾಡು. ಸಂಜೆ ಮಕ್ಕಳನ್ನ ಬಿಟ್ಟ ಮೇಲೆ ಗಾಡಿ ತಂದು ಇಲ್ಲಿ ನಿಲ್ಲಿಸು. ಕೀ ನನ್ನ ಹತ್ರ ಕೊಡು. ಬೆಳಿಗ್ಗೆ ಮಕ್ಕಳನ್ನ ಕರೆಯೋ ಹೊತ್ತಿಗೆ ಬಂದು ತಗೋ. ಗಾಡಿ ನಿಂದೇನಪ್ಪಾ, ಯಾರು ಅಲ್ಲ ಅಂದ್ರು? ಆ ಮನೆ ಮುಂದೆ ಶೀಟು ಹಾಕ್ಸಿದೀನಿ. ಬಿಸಿಲು, ಮಳೆ ಏನೂ ಬೀಳಲ್ಲ."

ಆ ಮನೆ ಎಂದರೆ ನಾವಿದ್ದ ಮನೆ.

ಹೊಳೆಯ ದಂಡೆಗೆ ಬಂದ ಮೇಲೆ ನಾನು ಬಾಯಿ ತೆಗೆದೆ. "ಗಾಡಿಗೆ ಸೂರು ಸಿಕ್ತು. ನಮ್ಗೆ?"

"ಸುಮ್ಕಿರು ರೆಹಮತ್. ಒಂಬತ್ತು ಮಕ್ಳೂ ಬುಟ್ಟೋದ್ರೆ ಪೆಟ್ರೋಲ್ಗೆ ನಿನ್ನ ಬುರ್ಖಾ ಅಡ ಮಡಗ್ಲಾ?"

"ಅಮ್ಮಂಗೆ ಮೈ ಸುಡ್ತಾ ಅದೆ. ಎಲ್ಲಿ ಮಲಗಿಸ್ತೀರಿ ಯೋಳ್ರಿ."

"ಒಂದೆಲ್ಡು ದಿನ ಎಲ್ಲಾದ್ರೂ ಅಡ್ಜಸ್ಟ್ ಮಾಡ್ಕಳಾನ."

"ಎಲ್ಲಾದ್ರೂ ಅನ್ನೋದು ಯಾವ ಬೀದೀಲದೆ?"

ಅವರು ಟೈರನ್ನು ಒದ್ದರು. ನನ್ನನ್ನು ಎಂದೂ ಹೊಡೆಯದ, ದನಕ್ಕೂ ಹಾರನ್ ಮಾಡದ ಮನುಷ್ಯ.

ಬುಧವಾರ ಸಂಜೆ ಕೊನೆಯ ಮಗುವನ್ನು ಇಳಿಸಿ, ಬೆಂಚಿನ ಮೇಲಿದ್ದ ಅತ್ತೆಯನ್ನು ಹತ್ತಿಸಿಕೊಂಡು ಹೊರಟೆವು. ಜ್ವರಕ್ಕೆ ಅವರ ತುಟಿ ಒಡೆದಿತ್ತು. ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿಸಿ ನಾನು ಪಕ್ಕದಲ್ಲಿ ಕೂತೆ. ಗೌಸ್ ಗಾಡಿಯನ್ನು ಹೊಸ ಶೀಟಿನ ಕೆಳಗೆ, ಬೀಗ ಹಾಕಿದ ಆ ಬಾಗಿಲಿಗೆ ಮುಖ ಮಾಡಿ ನಿಲ್ಲಿಸಿದರು. ಬೀದಿಯ ಕೆಲವರು ಹೊರಗೆ ಬಂದಿದ್ದರು. ಬೇರೆ ಮಕ್ಕಳ ಇಬ್ಬರು ತಾಯಂದಿರೂ ಬಂದು ನಿಂತಿದ್ದರು, ಒಬ್ಬಳು ಮೊಬೈಲನ್ನು ಎತ್ತಿ ಹಿಡಿದುಕೊಂಡೇ ಇದ್ದಳು.

ಗೌಸ್ ಇಳಿದು ಕೀ ಚಾಚಿದರು. ರಾಮಸ್ವಾಮಿಯವರು ಕೈ ಚಾಚಲಿಲ್ಲ. ಜಗಲಿಯ ಅಂಚು ತೋರಿಸಿದರು.

"ಅಲ್ಲಿಡು."

ಗೌಸ್ ಅಲ್ಲಿಟ್ಟರು. ರಾಮಸ್ವಾಮಿಯವರು ಅದರ ಮೇಲೆ ತಂಬಿಗೆಯಿಂದ ಒಂದಿಷ್ಟು ನೀರು ಹಾಕಿ ಎತ್ತಿಕೊಂಡರು.

"ಇನ್ನು ಅವರನ್ನ ಇಳಿಸು. ದೀಪ ಹಚ್ಚೋ ಹೊತ್ತಾಯ್ತು."

ಗೌಸ್ ಬಂದು ಪಕ್ಕದ ಬಾಗಿಲನ್ನು ಸರಿಸಿದರು. ನನ್ನ ಮುಖ ನೋಡದೆ ಅತ್ತೆಯ ಕಾಲಿಗೆ ಕೈ ಹಾಕಿದರು. "ಇಳಿ ರೆಹಮತ್. ಅಮ್ಮನ ಕಂಕ್ಳಿಗೆ ಕೈ ಹಾಕು."

ದಿನಕ್ಕೆ ಎರಡು ಸಲದಂತೆ ನಾಲ್ಕು ತಿಂಗಳು ಹಾಕಿದ ಕೈ. ಅಂದು ಹಾಕಲಿಲ್ಲ. ಗೌಸ್ ಕೈಯನ್ನು ಆ ಕಾಲಿನ ಮೇಲಿಂದ ಬಿಡಿಸಿದೆ. ಊದಿದ ಎರಡು ಕಾಲನ್ನೂ ಎತ್ತಿ ನನ್ನ ತೊಡೆಯ ಮೇಲೆ ಇಟ್ಟುಕೊಂಡು ಬುರ್ಖಾದ ಸೆರಗು ಹೊದಿಸಿದೆ.

"ಏನಮ್ಮಾ, ಕೇಳಿಸಲಿಲ್ವಾ?" ರಾಮಸ್ವಾಮಿಯವರು ಎರಡು ಮೆಟ್ಟಿಲು ಇಳಿದು ಬಂದರು. "ಗಾಡಿ ಇರೋದು ಮಕ್ಕಳನ್ನ ಕರ್ಕೊಂಡು ಹೋಗೋಕೆ. ಸಂಸಾರ ಮಾಡೋಕಲ್ಲ."

"ಮಕ್ಳನ್ನ ಕರ್ಕಂಡೇ ಓಯ್ತದೆ ಸ್ವಾಮಿ," ಅಂದೆ. "ನಾಳೆ ನಿಮ್ಮ ಚಿನ್ನೂನ ನಾನೇ ನಮ್ಮತ್ತೆ ಪಕ್ಕ ಕೂರಿಸ್ಕತೀನಿ. ಜಾಗ ಅದೆ."

ಯಾರೋ ಕಿಸಕ್ಕೆಂದರು. ಮೊಬೈಲ್ ಹಿಡಿದವಳು ಇನ್ನೂ ಹತ್ತಿರ ಬಂದಳು. ಗೌಸ್ ಗಾಡಿಗೆ ಬೆನ್ನು ಕೊಟ್ಟು ನೆಲ ನೋಡುತ್ತ ನಿಂತರು. ಇಳಿ ಎಂದು ಎರಡನೆಯ ಸಲ ಅವರು ಹೇಳಲಿಲ್ಲ.

"ಶ್ರೀಕರಾ! ಸ್ಟೇಷನ್ನಿಗೆ ಫೋನ್ ಮಾಡು." ರಾಮಸ್ವಾಮಿಯವರ ದನಿ ಮೊದಲ ಸಲ ಏರಿತ್ತು. "ಕೊನೇ ಸಲ ಹೇಳ್ತಿದೀನಿ. ಇಳಿ."

"ಇಳಿಯಕ್ಕಿಲ್ಲ," ಅಂದೆ.